ಮೊದಲು ಮೇಷ್ಟ್ರಿಗೆ ಮಾತಾಡಲು ಬಿಡಿ

ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪರೀಕ್ಷೆಯನ್ನು ಬಾಯಿ ತೆರೆಯದೆ, ಕಿವಿಗೆ ಕೆಲಸ ಕೊಡದೆ ಪಾಸಾಗಬಹುದು. ದ್ವಿತೀಯ ಭಾಷೆಯಾಗಿ ಇಂಗ್ಲಿಷ್ ತೆಗೆದುಕೊಂಡವರಿಗೆ ಒಟ್ಟು 100 ಅಂಕ. ಅದರಲ್ಲಿ 80 ಲಿಖಿತ ಪರೀಕ್ಷೆಗೆ, ಉಳಿದ 20 ಶಾಲೆಯಲ್ಲೇ ಕೊಡುವ ಆಂತರಿಕ ಅಂಕ. ಆ 80ರಲ್ಲಿ ಪ್ರಬಂಧವಿದೆ, ಪತ್ರ ಬರೆಯುವುದಿದೆ, ಪದ್ಯದ ಕಂಠಪಾಠವಿದೆ, ವ್ಯಾಕರಣವಿದೆ. ಇಬ್ಬರು ಮಾತಾಡುವ ಸಂಭಾಷಣೆಯನ್ನು ಕೂಡ ನಾವು ಪೆನ್ನಿನಲ್ಲಿ ಬರೆದು ತೋರಿಸುತ್ತೇವೆ! ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು: ಭಾಷೆಯ ನಾಲ್ಕು ಕೌಶಲಗಳನ್ನು ಡಿ.ಇಡಿ., ಬಿ.ಇಡಿ. ಮುಗಿಸಿದ ಯಾರನ್ನು ಕೇಳಿದರೂ ಒಂದೇ ಉಸಿರಿನಲ್ಲಿ ಇದೇ ಕ್ರಮದಲ್ಲಿ ಹೇಳುತ್ತಾರೆ. ತರಗತಿಯಲ್ಲಿ ಮಾತ್ರ ಮೂರನೆಯದರಿಂದ ಶುರುವಾಗಿ ನಾಲ್ಕನೆಯದಕ್ಕೆ ಮುಗಿಯುತ್ತದೆ.

ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ ಹೇಳುತ್ತಾರೆ. ಹಳ್ಳಿ ಮಕ್ಕಳಿಗೆ ಮನೆಯಲ್ಲಿ ಇಂಗ್ಲಿಷ್ ವಾತಾವರಣ ಇಲ್ಲ ಎನ್ನುವುದು ಒಂದು. ಮೇಷ್ಟ್ರಿಗೇ ಬರುವುದಿಲ್ಲ ಎನ್ನುವುದು ಇನ್ನೊಂದು. ಮೊದಲನೆಯದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಎರಡನೆಯದನ್ನು ಹೇಳುವವರು ಅರ್ಧ ಹೇಳಿ ನಿಲ್ಲಿಸುತ್ತಾರೆ.

ನಮ್ಮ ಊರು ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ. ಇಲ್ಲಿನ ಅಮ್ಮಾಜಾನ್-ಬಾವಾಜಾನ್ ದರ್ಗಾಕ್ಕೆ ಎಲ್ಲ ಧರ್ಮದವರೂ ಬರುತ್ತಾರೆ. ಕರ್ನಾಟಕದ ಮೂಲೆಗಳಿಂದ ಬರುವವರಷ್ಟೇ ಅಲ್ಲ, ಆಂಧ್ರದ ಕಡೆಯಿಂದ, ತಮಿಳುನಾಡಿನ ಕಡೆಯಿಂದ ಬರುವವರೂ ಇದ್ದಾರೆ. ದರ್ಗಾದ ಬೀದಿಯಲ್ಲಿ ಹೂವು, ಸಕ್ಕರೆ, ಬಳೆ ಮಾರುವ ಮನೆಗಳ ಮಕ್ಕಳನ್ನು ನೋಡಿ. ಮನೆಯಲ್ಲಿ ತೆಲುಗು ಅಥವಾ ಉರ್ದು, ಶಾಲೆಯಲ್ಲಿ ಕನ್ನಡ, ಅಂಗಡಿಗೆ ಬಂದವರ ಮುಖ ನೋಡಿ ತಮಿಳಿನಲ್ಲಿ ಬೆಲೆ. ಇವರಿಗೆ ಯಾರೂ ಅಕ್ಷರಮಾಲೆ ಬರೆಸಲಿಲ್ಲ, ನಾಮಪದ ಕ್ರಿಯಾಪದ ಎಂದು ಗೆರೆ ಎಳೆಸಲಿಲ್ಲ. ಕೇಳಿಸಿಕೊಂಡರು, ತಪ್ಪುತಪ್ಪಾಗಿ ಆಡಿದರು, ಗಿರಾಕಿ ನಕ್ಕರೆ ತಾವೂ ನಕ್ಕರು, ನಾಲ್ಕು ವರ್ಷದಲ್ಲಿ ಸರಿಹೋಯಿತು. ಭಾಷೆ ಕಲಿಯುವ ವಿಷಯದಲ್ಲಿ ನಮ್ಮ ಗಡಿ ತಾಲ್ಲೂಕುಗಳ ಮಕ್ಕಳು ಬೆಂಗಳೂರಿನ ಎಷ್ಟೋ ಮಕ್ಕಳಿಗಿಂತ ಅನುಭವಸ್ಥರು. ಆದರೆ ಇಂಗ್ಲಿಷ್ ಪೀರಿಯಡ್ಡಿಗೆ ಬಂದ ಕೂಡಲೇ ಈ ಅನುಭವ ಚಪ್ಪಲಿಯ ಜೊತೆ ಹೊರಗೆ ಉಳಿದುಬಿಡುತ್ತದೆ.

ಅದರ ಬೆಲೆಯನ್ನು ನಾನು ಕಾಲೇಜಿನಲ್ಲಿ ದಿನವೂ ನೋಡುತ್ತಿದ್ದೇನೆ. ನಮ್ಮ ತರಗತಿಯಲ್ಲಿ ಬಾಗೇಪಲ್ಲಿ ಕಡೆಯ ಒಬ್ಬ ಗೆಳೆಯನಿದ್ದಾನೆ. ಗಣಿತದಲ್ಲಿ ಅವನನ್ನು ಮೀರಿಸುವವರಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲಿನ ಅರ್ಧ ಜನ ಅವನ ಕೋಣೆಯಲ್ಲಿರುತ್ತಾರೆ. ಲ್ಯಾಬ್ ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಪ್ರಶ್ನೆ ಕೇಳಿದರೆ ಅವನು ‘ಸಾರಿ ಸರ್’ ಎನ್ನುತ್ತಾನೆ. ಉತ್ತರ ಗೊತ್ತಿಲ್ಲದೆ ಅಲ್ಲ. ಪ್ರಶ್ನೆಯೇ ಅವನ ಕಿವಿಗೆ ಒಂದು ಉದ್ದನೆಯ ಸದ್ದಾಗಿ ಬಂದಿರುತ್ತದೆ. ಅದೇ ಪ್ರಶ್ನೆಯನ್ನು ಬರೆದು ಕೊಟ್ಟರೆ ಎರಡು ಪುಟ ತುಂಬಿಸುತ್ತಾನೆ. ಮುಂದಿನ ವರ್ಷ ಕ್ಯಾಂಪಸ್ ಸಂದರ್ಶನಗಳು ಶುರುವಾಗುತ್ತವೆ. ಲಿಖಿತ ಸುತ್ತು ದಾಟಿ ಗ್ರೂಪ್ ಡಿಸ್ಕಷನ್ನಿನಲ್ಲಿ ಸುಮ್ಮನೆ ಕೂತು ಎದ್ದುಬಂದ ಸೀನಿಯರುಗಳ ಕತೆಗಳನ್ನು ಅವನು ಈಗಾಗಲೇ ಎಣಿಸುತ್ತಿದ್ದಾನೆ. ಮೊದಲ ವರ್ಷದಲ್ಲಿ ನಮಗೆ ‘ಕಮ್ಯುನಿಕೇಟಿವ್ ಇಂಗ್ಲಿಷ್’ ಎಂಬ ವಿಷಯವೂ ಇತ್ತು. ಸೆಮಿಸ್ಟರ್ ಕೊನೆಯ ಪರೀಕ್ಷೆಯಲ್ಲಿ ನಾಲ್ಕು ಉತ್ತರಗಳಲ್ಲಿ ಸರಿಯಾದುದರ ವೃತ್ತ ತುಂಬಿಸಿ ಬಂದೆವು. ಮಾತಾಡುವುದನ್ನು ಪೆನ್ನಿನಿಂದ ಚುಕ್ಕೆ ಇಟ್ಟು ಸಾಬೀತು ಮಾಡಿದ್ದಾಯಿತು.

ಗೆಳೆಯನ ತೊಂದರೆಯ ಹೆಸರು ‘ಇಂಗ್ಲಿಷ್ ಬರುವುದಿಲ್ಲ’ ಎಂದಲ್ಲ. ಅವನಿಗೆ ಇಂಗ್ಲಿಷ್ ಕಣ್ಣಿಗೆ ಬರುತ್ತದೆ, ಕಿವಿಗೆ ಬರುವುದಿಲ್ಲ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಪ್ರತಿ ಅಕ್ಷರಕ್ಕೂ ಅದರ ಪಾಲಿನ ಉಸಿರು ಕೊಡುತ್ತೇವೆ. ಇಂಗ್ಲಿಷಿನಲ್ಲಿ ಒಂದು ಮಾತಿನ ಕೆಲವು ತುಣುಕುಗಳ ಮೇಲೆ ಒತ್ತು ಬೀಳುತ್ತದೆ, ಉಳಿದವು ಸಣ್ಣಗಾಗಿ ಪಕ್ಕದ ಪದದೊಳಗೆ ಕರಗುತ್ತವೆ. ಪುಸ್ತಕದ ‘ವಾಟ್ ಆರ್ ಯೂ ಡೂಯಿಂಗ್’ ಬಾಯಲ್ಲಿ ‘ವಾಟರ್ಯ ಡೂಯಿಂಗ್’ ಆಗುತ್ತದೆ. ‘ಕಂಫರ್ಟೇಬಲ್’ ಎಂದು ನಾವು ಬಿಡಿಸಿ ಕಲಿತದ್ದು ‘ಕಂಫ್ಟಬಲ್’ ಆಗಿ ಹಾರಿಹೋಗುತ್ತದೆ. ಇದು ಇಂಗ್ಲಿಷಿನವರ ಕುತಂತ್ರವೇನೂ ಅಲ್ಲ. ‘ಏನು ಮಾಡುತ್ತಾ ಇದ್ದೀಯೆ’ ಎಂದು ನಾವು ಯಾವತ್ತು ಆಡಿದ್ದೇವೆ? ‘ಏನ್ಮಾಡ್ತಿದೀಯ’ ಎನ್ನುತ್ತೇವೆ. ನಮ್ಮೂರಿನ ತೆಲುಗಿನಲ್ಲಿ ‘ಏಂ ಚೇಸ್ತಾಂಡಾವ್’ ಎನ್ನುತ್ತೇವೆ, ಪುಸ್ತಕದ ತೆಲುಗು ಬೇರೆಯೇ ಇದೆ. ಯಾವ ಭಾಷೆಯನ್ನಾದರೂ ಬರೆದ ರೂಪದಲ್ಲಿ ಮಾತ್ರ ಕಲಿತವನಿಗೆ ಆಡುವ ರೂಪ ಪರದೇಶದ ಭಾಷೆಯಂತೆ ಕೇಳುತ್ತದೆ. ಇದನ್ನು ಮಕ್ಕಳಿಗೆ ಒಂದೆರಡು ಪೀರಿಯಡ್ಡಿನಲ್ಲಿ ಕೇಳಿಸಿ ತೋರಿಸಬಹುದು. ತೋರಿಸಬೇಕಾದವರಿಗೆ ಯಾರಾದರೂ ಮೊದಲು ತೋರಿಸಿರಬೇಕು, ಅಷ್ಟೆ.

ಈಗ ಮೇಷ್ಟ್ರ ವಿಷಯ. ನನ್ನ ಚಿಕ್ಕಮ್ಮ ಶಿಡ್ಲಘಟ್ಟ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಬೇಕೆಂದು ರಾಜ್ಯ ಸರ್ಕಾರ ಜಾರಿಗೆ ತಂದದ್ದು 2007ರಲ್ಲಿ. ಅದಕ್ಕೆ ಮೊದಲು ಐದನೇ ತರಗತಿಯಿಂದ ಇತ್ತು. ಚಿಕ್ಕಮ್ಮ ಓದಿದ್ದೂ ಹಾಗೆಯೇ: ಐದರಲ್ಲಿ ಎಬಿಸಿಡಿ, ಕನ್ನಡ ಮಾಧ್ಯಮದಲ್ಲಿ ಪಿಯುಸಿ, ಆಮೇಲೆ ಡಿ.ಇಡಿ. ಇಂಗ್ಲಿಷಿನಲ್ಲಿ ಐದು ನಿಮಿಷ ಮಾತಾಡಬೇಕಾದ ಸಂದರ್ಭ ಅವರ ಇಡೀ ವಿದ್ಯಾಭ್ಯಾಸದಲ್ಲಿ ಒಮ್ಮೆಯೂ ಬರಲಿಲ್ಲ. ಕಿರಿಯ ಪ್ರಾಥಮಿಕದಲ್ಲಿ ಒಬ್ಬರೇ ಎಲ್ಲ ವಿಷಯ ಮಾಡುವುದರಿಂದ ಇಂಗ್ಲಿಷೂ ಅವರ ಪಾಲಿಗೆ ಬಂತು. 2019ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದಾಗ ಇಂಥ ಹಿನ್ನೆಲೆಯ ಎಷ್ಟೋ ಶಿಕ್ಷಕರು ಇತರ ವಿಷಯಗಳನ್ನೂ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಬೋರ್ಡು ಬದಲಾಯಿಸಲು ಒಂದು ದಿನ ಸಾಕು. ನಾಲಿಗೆ ಬದಲಾಯಿಸಲು?

“ತರಬೇತಿ ಕೊಡಲ್ವಾ ಚಿಕ್ಕಮ್ಮ?” ಎಂದು ಕೇಳಿದೆ.

“ಕೊಡ್ದೆ ಏನಪ್ಪ, ಬೇಕಾದಷ್ಟು ಕೊಡ್ತಾರೆ. ಬೆಳಿಗ್ಗೆ ಹತ್ತಕ್ಕೆ ಕೂತ್ರೆ ಸಂಜೆವರೆಗೆ ‘ಆಲಿಸುವಿಕೆಯ ಮಹತ್ವ’ ಅಂತ ಸ್ಲೈಡು. ನಾವು ನೋಟ್ಸು ಬರ್ಕೊಳ್ಳೋದು. ಮಕ್ಕಳ ಕೈಲಿ ಮಾತಾಡಿಸ್ಬೇಕು ಅಂತ ಅವರು ಮೂರು ಗಂಟೆ ಮಾತಾಡ್ತಾರೆ, ನಾವು ಒಬ್ರೂ ಮಾತಾಡಲ್ಲ.”

ಎಲ್ಲ ತರಬೇತಿಯೂ ಹೀಗಿರುತ್ತದೆ ಎಂದು ಅವರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಈಜನ್ನು ಕರಿಹಲಗೆಯ ಮೇಲೆ ಕಲಿಸುವ ಈ ಪದ್ಧತಿ ನಮಗೆಲ್ಲ ಪರಿಚಯದ್ದೇ. ಕೋವಿಡ್ ಕಾಲದಲ್ಲಿ ಅದು ಮೊಬೈಲಿಗೂ ಬಂತು. ಕೇಂದ್ರದ ‘ನಿಷ್ಠಾ’ ತರಬೇತಿ 2019ರಲ್ಲಿ ಮುಖಾಮುಖಿಯಾಗಿ ಆರಂಭವಾಗಿ ಮುಂದಿನ ವರ್ಷ ದೀಕ್ಷಾ ವೇದಿಕೆಯಲ್ಲಿ ಆನ್‌ಲೈನ್ ಆಯಿತು. ವಿಡಿಯೊ ನೋಡಿ, ಕ್ವಿಜ್ ಉತ್ತರಿಸಿ, ಪ್ರಮಾಣಪತ್ರ ಇಳಿಸಿಕೊಳ್ಳಬಹುದು. ಮಾಹಿತಿ ತಲುಪಿಸಲು ಇದು ಒಳ್ಳೆಯ ದಾರಿಯೇ. ಆದರೆ ಮಾತು ಎನ್ನುವುದಕ್ಕೆ ಎದುರಿಗೆ ಇನ್ನೊಬ್ಬರು ಬೇಕು. ನಡುವೆ ತಡೆದು ‘ಅರ್ಥ ಆಗಲಿಲ್ಲ, ಇನ್ನೊಮ್ಮೆ ಹೇಳಿ’ ಎನ್ನುವವರು ಬೇಕು. ವಿಡಿಯೊ ಹಾಗೆ ಕೇಳುವುದಿಲ್ಲ.

ಚಿಕ್ಕಮ್ಮ ಇನ್ನೊಂದು ಮಾತನ್ನು ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದರು. “ಬಾಯಿ ಬಿಟ್ರೆ ತಪ್ಪಾಗತ್ತೆ ಕಣೋ. ಪಕ್ಕದ ಕ್ಲಾಸಲ್ಲಿ ಹೊಸದಾಗಿ ಬಂದಿರೋ ಮೇಡಂ ಕೇಳಿಸ್ಕೋತಾರೆ. ಅದಕ್ಕೆ ಪಾಠ ಓದಿಸಿ, ಅರ್ಥ ಹೇಳಿ, ಪ್ರಶ್ನೋತ್ತರ ಬರೆಸಿಬಿಡ್ತೀನಿ.” ತರಬೇತಿಯ ಯಾವ ಕೈಪಿಡಿಯಲ್ಲೂ ಈ ನಾಚಿಕೆಗೆ ಒಂದು ಅಧ್ಯಾಯ ಇರಲಾರದು. ನನ್ನ ಮಟ್ಟಿಗೆ ತರಬೇತಿ ಶುರುವಾಗಬೇಕಾದದ್ದೇ ಅಲ್ಲಿಂದ. ತಪ್ಪು ಮಾತಾಡಲು ಶಿಕ್ಷಕರಿಗೆ ಒಂದು ಸುರಕ್ಷಿತ ಜಾಗ ಬೇಕು. ಅಲ್ಲಿ ಮೇಲಧಿಕಾರಿ ಇರಬಾರದು, ಅಂಕ ಇರಬಾರದು, ನಗುವವರಿದ್ದರೂ ತಮ್ಮ ಸರದಿಯಲ್ಲಿ ತಾವೂ ತಪ್ಪುವವರಾಗಿರಬೇಕು.

ನಮ್ಮ ನಾಡಿಗೆ ಇದು ಹೊಸ ವಿಚಾರವೇನಲ್ಲ. ದಕ್ಷಿಣ ಭಾರತದ ರಾಜ್ಯಗಳ ಶಿಕ್ಷಕರಿಗಾಗಿಯೇ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಲ್ಲಿ ಬ್ರಿಟಿಷ್ ಕೌನ್ಸಿಲ್ ನೆರವಿನೊಂದಿಗೆ ಹುಟ್ಟಿತು. ಈಗ ಅದು ಜ್ಞಾನಭಾರತಿ ಆವರಣದಲ್ಲಿದೆ. ಪ್ರಾಥಮಿಕ, ಪ್ರೌಢಶಾಲಾ ಶಿಕ್ಷಕರು ಅಲ್ಲಿಗೆ ಹೋಗಿ 30 ದಿನ ಉಳಿದು ಕಲಿತು ಬರುತ್ತಾರೆ. ಅಲ್ಲಿಂದ ಬಂದವರು ಸ್ವಲ್ಪ ದಿನ ಬೇರೆಯೇ ಉತ್ಸಾಹದಲ್ಲಿರುತ್ತಾರೆ ಎಂದು ಚಿಕ್ಕಮ್ಮ ಹೇಳುತ್ತಾರೆ. ಒಂದು ತಿಂಗಳು ದಿನವೂ ಇಂಗ್ಲಿಷ್ ಕಿವಿಗೆ ಬಿದ್ದರೆ ಯಾರ ನಾಲಿಗೆಯಾದರೂ ಸಡಿಲವಾದೀತು. ಮತ್ತೆ ಶಾಲೆಗೆ ಬಂದ ಮೇಲೆ ಸಿಲಬಸ್ಸು, ಬಿಸಿಯೂಟದ ಲೆಕ್ಕ, ಸಮೀಕ್ಷೆ. ಜೊತೆಗೆ ಮಾತಾಡುವವರು ಯಾರೂ ಇಲ್ಲ. ಮಾತಿನ ಭಾಷೆ ಬಳಸದಿದ್ದರೆ ಕಬ್ಬಿಣದಂತೆ ತುಕ್ಕು ಹಿಡಿಯುತ್ತದೆ.

ಭಾಷಾ ಬೋಧನೆಯ ಜಗತ್ತಿನಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂಬ ಹೆಸರು ಬಹಳ ದೊಡ್ಡದು ಎನ್ನುವುದು ನನಗೆ ಮೊನ್ನೆ ಮೊನ್ನೆ ತಿಳಿಯಿತು. ಎನ್.ಎಸ್. ಪ್ರಭು ಎಂಬ ವಿದ್ವಾಂಸರು 1979ರಿಂದ 1984ರವರೆಗೆ ಈ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. 1987ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಪ್ರಪಂಚದಾದ್ಯಂತ ಇಂಗ್ಲಿಷ್ ಶಿಕ್ಷಕರಾಗಲು ಓದುವವರು ಇವತ್ತಿಗೂ ಅದನ್ನು ಓದುತ್ತಾರೆ. ಅವರು ಮಾಡಿದ್ದು ಇಷ್ಟು: ವ್ಯಾಕರಣವನ್ನು ಪಾಠ ಮಾಡುವ ಬದಲು ಮಕ್ಕಳ ಮುಂದೆ ಒಂದು ಲೆಕ್ಕದಂಥ ಕೆಲಸ ಇಡುವುದು. ರೈಲಿನ ವೇಳಾಪಟ್ಟಿ, ಒಂದು ಊರಿನ ನಕಾಶೆ, ಒಂದು ಶಾಲೆಯ ಟೈಮ್‌ಟೇಬಲ್. ‘ಈ ರೈಲು ಎಷ್ಟು ಗಂಟೆಗೆ ಹೊರಡುತ್ತದೆ? ಅದಕ್ಕಿಂತ ಬೇಗ ತಲುಪುವುದು ಯಾವುದು?’ ಎಂದು ಮೇಷ್ಟ್ರು ಇಂಗ್ಲಿಷಿನಲ್ಲಿ ಕೇಳುತ್ತಾ ಹೋಗುತ್ತಾರೆ. ಮಕ್ಕಳು ಉತ್ತರ ಹುಡುಕುವ ಭರದಲ್ಲಿ ಭಾಷೆಯನ್ನು ಗಮನಿಸದೆಯೇ ಕೇಳಿಸಿಕೊಂಡು ಅರ್ಥ ಮಾಡಿಕೊಳ್ಳುತ್ತಾರೆ. ಇಡೀ ವಾಕ್ಯದಲ್ಲಿ ಉತ್ತರ ಕೊಡಬೇಕೆಂಬ ಒತ್ತಾಯವಿಲ್ಲ. ಮೊದಲು ಕಿವಿ, ಬಾಯಿ ಆಮೇಲೆ.

ನನಗೆ ಇದು ಬಹಳ ಹಿಡಿಸಿತು, ಒಂದು ವಿಷಯ ಬಿಟ್ಟು. ಮಕ್ಕಳನ್ನು ಗುಂಪು ಮಾಡಿ ಮಾತಾಡಿಸುವುದರಲ್ಲಿ ಪ್ರಭು ಅವರಿಗೆ ನಂಬಿಕೆ ಇರಲಿಲ್ಲ. ಒಬ್ಬರ ತಪ್ಪನ್ನು ಇನ್ನೊಬ್ಬರು ಕಲಿಯುತ್ತಾರೆ, ಮೇಷ್ಟ್ರ ಭಾಷೆಯೇ ಮಕ್ಕಳಿಗೆ ಸಿಗುವ ಒಳ್ಳೆಯ ಮಾದರಿ ಎನ್ನುವುದು ಅವರ ವಾದ. ದರ್ಗಾದ ಬೀದಿಯಲ್ಲಿ ಬೆಳೆದವನಿಗೆ ಇದನ್ನು ಪೂರ್ತಿ ಒಪ್ಪುವುದು ಕಷ್ಟ. ಅದಿರಲಿ, ಇಂಜಿನಿಯರಿಂಗ್ ವಿದ್ಯಾರ್ಥಿಗೆ ಮೊದಲು ಕಾಣುವುದು ಲೆಕ್ಕ. ಒಂದು ತರಗತಿಯಲ್ಲಿ 40 ಮಕ್ಕಳು, ಪೀರಿಯಡ್ಡು 40 ನಿಮಿಷ ಎಂದುಕೊಳ್ಳಿ. ಪಾಠ, ಹಾಜರಿ ಎಲ್ಲ ಕಳೆದು ಮಾತಿಗೆ 10 ನಿಮಿಷ ಸಿಕ್ಕಿತು. ಒಬ್ಬೊಬ್ಬರನ್ನೇ ಎಬ್ಬಿಸಿ ಮಾತಾಡಿಸಿದರೆ ತಲೆಗೆ 15 ಸೆಕೆಂಡು. ಅಷ್ಟರಲ್ಲಿ ಹೆಸರು ಹೇಳಿ ಕೂರಬಹುದು. ಅದೇ 10 ನಿಮಿಷ ಪಕ್ಕದವರ ಜೊತೆ ಇಬ್ಬಿಬ್ಬರಾಗಿ ಮಾತಾಡಿದರೆ ತಲೆಗೆ 5 ನಿಮಿಷ. ಇಪ್ಪತ್ತು ಪಟ್ಟು! ಕಂಪ್ಯೂಟರ್ ಬೇಡ, ಲ್ಯಾಬ್ ಬೇಡ, ಟೆಂಡರ್ ಕರೆಯುವುದು ಬೇಡ. ತಪ್ಪು ಕಲಿಯುತ್ತಾರೆ ಎಂಬ ಭಯಕ್ಕೆ ನನ್ನ ಉತ್ತರ: ಪ್ರಭು ಅವರ ರೈಲಿನ ವೇಳಾಪಟ್ಟಿಯಿಂದ ಮೊದಲು ಚೆನ್ನಾಗಿ ಕೇಳಿಸಿ, ಆಮೇಲೆ ಜೋಡಿಯಾಗಿ ಬಿಡಿ. ಎರಡೂ ಇರಲಿ.

ರಜೆಯಲ್ಲಿ ಚಿಕ್ಕಮ್ಮನ ಶಾಲೆಗೆ ಹೋಗಿದ್ದಾಗ ಇದರ ಒಂದು ಸಣ್ಣ ರೂಪ ನೋಡಿದೆ. ಐದನೇ ತರಗತಿ. ಪಾಠಪುಸ್ತಕ ಮುಚ್ಚಿಸಿ, ಎಲ್ಲರಿಗೂ ಖಾಲಿ ಹಾಳೆ, ಪೆನ್ಸಿಲ್ ತೆಗೆಯಲು ಹೇಳಿದರು. ಒಂದು ಮನೆ ಬರೆಯಿರಿ. ಮನೆಯ ಹಿಂದೆ ಮರ. ಮರದ ಕೆಳಗೆ ಎರಡು ಕುರಿ. ಮನೆಯ ಎಡಕ್ಕೆ ಬಾವಿ. ಇಷ್ಟನ್ನು ಸರಳ ಇಂಗ್ಲಿಷಿನಲ್ಲಿ, ಸಾಮಾನ್ಯ ವೇಗದಲ್ಲಿ, ಎರಡೆರಡು ಸಲ. ಕನ್ನಡದಲ್ಲಿ ಅರ್ಥ ಹೇಳಲಿಲ್ಲ. ಮುಗಿದ ಮೇಲೆ ಹಾಳೆಗಳನ್ನು ಎತ್ತಿ ಹಿಡಿಯಿರಿ ಎಂದರು. ತರಗತಿ ನಗುವಿನಲ್ಲಿ ಮುಳುಗಿತು: ಕೆಲವರ ಕುರಿಗಳು ಮರದ ಮೇಲಿದ್ದವು, ಒಬ್ಬಳ ಬಾವಿ ಮನೆಯ ಒಳಗೇ ಇತ್ತು. ವರ್ಷವಿಡೀ ಬಾಯಿ ತೆರೆಯದ ಒಬ್ಬ ಹುಡುಗನ ಚಿತ್ರದಲ್ಲಿ ಎಲ್ಲವೂ ಇದ್ದಲ್ಲೇ ಇತ್ತು. ಅವನಿಗೆ ಅರ್ಥವಾಗುತ್ತಿದೆ ಎನ್ನುವುದು ಚಿಕ್ಕಮ್ಮನಿಗೆ ತಿಳಿದದ್ದೇ ಅವತ್ತು. ಓದಿಸಿ, ಪ್ರಶ್ನೋತ್ತರ ಬರೆಸುವ ಪದ್ಧತಿಯಲ್ಲಿ ಅವನು ‘ಏನೂ ಬರದವನು’. ಆಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಇಬ್ಬಿಬ್ಬರು ಕೂತರು, ಒಬ್ಬರು ಹೇಳಬೇಕು, ಇನ್ನೊಬ್ಬರು ಬರೆಯಬೇಕು. ಹೇಳುವವರ ಇಂಗ್ಲಿಷ್ ಮುರಿದದ್ದೇ, ಕನ್ನಡ ತೆಲುಗು ನಡುನಡುವೆ ನುಗ್ಗಿದ್ದೂ ನಿಜ. ಆದರೆ ಮಾತಾಡುತ್ತಿದ್ದರು. ಪಕ್ಕದ ತರಗತಿಯ ಆ ಹೊಸ ಮೇಡಂ ಬಾಗಿಲಿಗೆ ಬಂದು ನಿಂತರು. ಗದ್ದಲ ಎಂದು ದೂರಲು ಬಂದರೇನೋ ಎಂದುಕೊಂಡೆ. “ಇದನ್ನ ನಮ್ಮ ಕ್ಲಾಸಿಗೂ ಮಾಡಿಸ್ತೀರಾ ಅಕ್ಕ?” ಎಂದರು.

ಈ ಚಟುವಟಿಕೆ ಚಿಕ್ಕಮ್ಮನಿಗೆ ಸಿಕ್ಕಿದ್ದು ಸ್ಲೈಡಿನಿಂದಲ್ಲ. 30 ದಿನದ ತರಬೇತಿ ಮುಗಿಸಿ ಬಂದ ಗೆಳತಿಯೊಬ್ಬರು ಇವರನ್ನೇ ವಿದ್ಯಾರ್ಥಿಯಾಗಿ ಕೂರಿಸಿ, ಪೆನ್ಸಿಲ್ ಕೊಟ್ಟು ಮಾಡಿಸಿದ್ದರು. ಚಿಕ್ಕಮ್ಮನ ಕುರಿಯೂ ಮರದ ಮೇಲೆಯೇ ಇತ್ತಂತೆ.

ಹಾಗಾಗಿ ನನ್ನ ಬೇಡಿಕೆ ಹೊಸ ಯೋಜನೆಯದಲ್ಲ. ಪ್ರತಿ ಕ್ಲಸ್ಟರ್‌ನಲ್ಲಿ ಶಿಕ್ಷಕರ ಸಮಾಲೋಚನಾ ಸಭೆ ಈಗಾಗಲೇ ಇದೆ. ಹತ್ತು ಹದಿನೈದು ಶಾಲೆಗಳವರು ಸೇರುತ್ತಾರೆ, ಸಿಆರ್‌ಪಿ ಇರುತ್ತಾರೆ, ಅಂಕಿಅಂಶ ತುಂಬುವುದರಲ್ಲಿ ಮಧ್ಯಾಹ್ನ ಕಳೆಯುತ್ತದೆ. ಆ ದಿನದ ಒಂದು ಗಂಟೆಯನ್ನು ಇಂಗ್ಲಿಷ್ ಆಲಿಸಲು, ಆಡಲು ಬಿಡಲಿ. ಬೆಂಗಳೂರಿನಲ್ಲಿ ತರಬೇತಿ ಪಡೆದು ಬಂದವರು ಅದನ್ನು ನಡೆಸಲಿ. ಆಗ ಅವರ ನಾಲಿಗೆಗೂ ತುಕ್ಕು ಹಿಡಿಯುವುದಿಲ್ಲ. ಭಾಷಣ ಬೇಡ. ಶಿಕ್ಷಕರೇ ಮಕ್ಕಳಾಗಿ ಚಟುವಟಿಕೆ ಮಾಡಲಿ, ಮುಂದಿನ ಸಭೆಯೊಳಗೆ ತಮ್ಮ ತರಗತಿಯಲ್ಲಿ ಮಾಡಿ ಬಂದು ಏನಾಯಿತೆಂದು ಹೇಳಲಿ. ಡಯಟ್‌ನವರು ಹಾಜರಾತಿ ಎಣಿಸುವ ಬದಲು ಒಂದು ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಮಕ್ಕಳು ಎಷ್ಟು ನಿಮಿಷ ಮಾತಾಡಿದರು ಎಂದು ಗಡಿಯಾರ ನೋಡಲಿ. ಧ್ವನಿಮುದ್ರಿಕೆ ಬೇಕಾದರೆ ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆ. ಆಕಾಶವಾಣಿಯಲ್ಲಿ ‘ಚಿನ್ನರ ಚುಕ್ಕಿ’, ‘ಕೇಳಿ-ಕಲಿ’ ಕಾರ್ಯಕ್ರಮಗಳನ್ನು ರೇಡಿಯೊ ಸುತ್ತ ಕೂತು ಕೇಳಿಸಿಕೊಂಡ ಶಾಲೆಗಳಿಗೆ ಸಾಧನದ ಕೊರತೆ ನೆಪವಾಗಬಾರದು.

ಆಂತರಿಕ ಅಂಕಗಳ 20ರಲ್ಲಿ ಒಂದು ಪಾಲನ್ನು ನಿಜವಾಗಿ ಕೇಳಿಸಿ, ಮಾತಾಡಿಸಿಯೇ ಕೊಡಬೇಕೆಂದು ಕಡ್ಡಾಯ ಮಾಡಬಹುದು. ಪರೀಕ್ಷೆಯಲ್ಲಿ ಇಲ್ಲದ್ದನ್ನು ನಮ್ಮಲ್ಲಿ ಯಾರೂ ಕಲಿಸುವುದಿಲ್ಲವಲ್ಲ. ಆದರೆ ಶಿಕ್ಷಕರಿಗೆ ಮೊದಲು ಅಭ್ಯಾಸ ಕೊಡದೆ ಅಂಕ ಮಾತ್ರ ತಂದರೆ ಎಲ್ಲರಿಗೂ ಇಷ್ಟಿಷ್ಟು ಎಂದು ಹಂಚಿ ಕೈತೊಳೆದುಕೊಳ್ಳುವುದು ಖಂಡಿತ.

ಇಂಗ್ಲಿಷ್ ಮಾತು ಕಲಿತರೆ ಕನ್ನಡ ಹಿಂದೆ ಬೀಳುತ್ತದೆ ಎಂಬ ಆತಂಕ ಇದ್ದೇ ಇದೆ. ನಮ್ಮ ಜಿಲ್ಲೆಯ ಒಬ್ಬರ ಉದಾಹರಣೆ ಸಾಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬೆಂಗಳೂರಿಗೆ ಓದಲು ಹೋದ ಬಡ ಹುಡುಗ ಎಚ್. ನರಸಿಂಹಯ್ಯ, 1936ರಲ್ಲಿ ತಮ್ಮ ನ್ಯಾಷನಲ್ ಹೈಸ್ಕೂಲಿಗೆ ಗಾಂಧೀಜಿ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದವರು. ಕೇಳಿಸಿಕೊಂಡದ್ದನ್ನು ನಿಂತ ನಿಲುವಿನಲ್ಲಿ ಇನ್ನೊಂದು ಭಾಷೆಯಲ್ಲಿ ಆಡಬೇಕಾದರೆ ಎರಡೂ ಭಾಷೆ ಬಾಯಲ್ಲಿರಬೇಕು. ಮುಂದೆ ಅಮೆರಿಕದ ಓಹಿಯೊದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಅವರ ಕನ್ನಡಕ್ಕೇನೂ ಕುಂದು ಬರಲಿಲ್ಲ.

ಚಿಕ್ಕಮ್ಮನ ಕ್ಲಸ್ಟರಿನಲ್ಲಿ ಮುಂದಿನ ಸಭೆಯಂದು ಒಂದು ಗಂಟೆ ಬಿಟ್ಟುಕೊಡಲು ಸಿಆರ್‌ಪಿ ಒಪ್ಪಿದ್ದಾರೆ. ಇವರೇ ನಡೆಸಬೇಕು, ಇಪ್ಪತ್ತು ಜನ ಶಿಕ್ಷಕರು ಹಾಳೆ ಪೆನ್ಸಿಲ್ ಹಿಡಿದು ಕೂರಬೇಕು. ಮೊನ್ನೆ ಫೋನ್ ಮಾಡಿ ಕೇಳಿದರು: ಚಿಂತಾಮಣಿ ಬಸ್ ಸ್ಟ್ಯಾಂಡಿನ ನಕಾಶೆಯೊಂದನ್ನು ದೊಡ್ಡದಾಗಿ ಬರೆದು, ಕೆಳಗೆ ಬಸ್ಸುಗಳ ಸಮಯ ಹಾಕಿ ಕಳಿಸಲು ಆಗುತ್ತದಾ ಎಂದು. ರೈಲಿನ ವೇಳಾಪಟ್ಟಿ ಬೇಡವಂತೆ, ನಮ್ಮವರಿಗೆ ಬಸ್ಸೇ ಹತ್ತಿರ.